ಆಸ್ಟ್ರೇಲಿಯಾದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯಾದ ಎನ್‌ಡಿಐಎಸ್‌ನ ಸಪೋರ್ಟ್ ಕೋಆರ್ಡಿನೇಟರ್ ಯಾರ ಪರವಾಗಿ ಕೆಲಸ ಮಾಡುತ್ತಾರೆ, ಅವರಿಂದ ಏನನ್ನು ಕೇಳಬಹುದು?

ಟಾರ್ನೀಟ್‌ನ ಅಮ್ಮ (ಮೆಲ್ಬರ್ನ್)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 19 ವರ್ಷ. ಆಟಿಸಂ ಜೊತೆಗೆ ಬೌದ್ಧಿಕ ಅಂಗವೈಕಲ್ಯವೂ ಇದೆ. ಕಳೆದ ಡಿಸೆಂಬರ್‌ನಲ್ಲಿ ಅವನ ವಿಶೇಷ ಶಾಲೆ ಮುಗಿಯಿತು. ಅಲ್ಲಿಯವರೆಗೆ ಬೆಳಿಗ್ಗೆ ಬಸ್ಸು ಬಂದು ಕರೆದುಕೊಂಡು ಹೋಗುತ್ತಿತ್ತು, ಮಧ್ಯಾಹ್ನ ಮನೆಗೆ ಬಿಡುತ್ತಿತ್ತು, ಥೆರಪಿಯವರೂ ಶಾಲೆಗೇ ಬರುತ್ತಿದ್ದರು. ಈಗ ಅವನ ಇಡೀ ದಿನವನ್ನು ನಾವೇ ರೂಪಿಸಬೇಕಾಗಿದೆ. ಹೊಸದಾಗಿ ಬಂದಿರುವ ಎನ್‌ಡಿಐಎಸ್ ಪ್ಲ್ಯಾನ್‌ನಲ್ಲಿ (ಅವನ ನೆರವಿಗೆಂದು ಮಂಜೂರಾದ ಹಣದ ಪಟ್ಟಿ) ಮೊದಲ ಬಾರಿಗೆ ಸಪೋರ್ಟ್ ಕೋಆರ್ಡಿನೇಷನ್‌ಗೆಂದು ಪ್ರತ್ಯೇಕ ಹಣ ಇಟ್ಟಿದ್ದಾರೆ. ಅದೇ ವಾರ ಪರಿಚಯದವರ ಮೂಲಕ ನಂಬರ್ ಪಡೆದ ಒಂದು ಸಂಸ್ಥೆಯವರು ಫೋನ್ ಮಾಡಿದರು. ಕೋಆರ್ಡಿನೇಟರನ್ನೂ ತಾವೇ ಕೊಡುತ್ತೇವೆ, ಸಪೋರ್ಟ್ ವರ್ಕರುಗಳನ್ನೂ ತಾವೇ ಕಳುಹಿಸುತ್ತೇವೆ, ಡೇ ಪ್ರೋಗ್ರಾಂ (ಹಗಲು ಹೊತ್ತಿನ ಗುಂಪು ಚಟುವಟಿಕೆ) ಕೂಡ ತಮ್ಮಲ್ಲೇ ಇದೆ, ಸಹಿಯೊಂದು ಹಾಕಿದರೆ ಉಳಿದದ್ದೆಲ್ಲ ತಮ್ಮ ಜವಾಬ್ದಾರಿ ಎಂದು ಹೇಳಿದರು.

ಸುಸ್ತಾಗಿರುವ ಮನಸ್ಸಿಗೆ ಈ ಮಾತು ಹಿತವಾಗಿಯೇ ಕೇಳಿಸಿತು, ಆದರೆ ಸಹಿ ಹಾಕಲು ಧೈರ್ಯ ಬರಲಿಲ್ಲ. ಕೋಆರ್ಡಿನೇಟರ್ ನಿಜವಾಗಿ ಯಾವ ಕೆಲಸ ಮಾಡುತ್ತಾರೆ? ಅವರ ಸಂಬಳ ಯಾರು ಕೊಡುತ್ತಾರೆ? ಮಗನನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗುವಂತಹ ಕೆಲಸವನ್ನು ಅವರಿಗೆ ಹೇಳಬಹುದೇ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಬೇಕು.

ಅಡಿಲೇಡ್‌ನ ಕೋಆರ್ಡಿನೇಟರ್

ಮೇಡಂ, ನಾನು ಇದೇ ಕೆಲಸ ಮಾಡುವವನು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಹಣದ ವಿಷಯ. ಕೋಆರ್ಡಿನೇಟರಿಗೆ ಸಲ್ಲುವ ಶುಲ್ಕ ನಿಮ್ಮ ಮಗನ ಪ್ಲ್ಯಾನ್‌ನಿಂದಲೇ ಹೋಗುತ್ತದೆ. ಎನ್‌ಡಿಐಎಸ್ ಬಜೆಟ್ಟಿನಲ್ಲಿ ಕೋರ್, ಕೆಪಾಸಿಟಿ ಬಿಲ್ಡಿಂಗ್, ಕ್ಯಾಪಿಟಲ್ ಎಂಬ ಮುಖ್ಯ ವಿಭಾಗಗಳಿವೆ. ದಿನನಿತ್ಯದ ನೆರವು ಮತ್ತು ಹೊರಗಿನ ಓಡಾಟಕ್ಕೆ ಬೇಕಾದ ಸಪೋರ್ಟ್ ವರ್ಕರ್ ಕೋರ್‌ನಲ್ಲಿ ಬರುತ್ತಾರೆ, ಥೆರಪಿ ಮತ್ತು ಕೋಆರ್ಡಿನೇಷನ್ ಕೆಪಾಸಿಟಿ ಬಿಲ್ಡಿಂಗ್‌ನಲ್ಲಿ ಬರುತ್ತವೆ, ಗಾಲಿಕುರ್ಚಿ ಅಥವಾ ಮನೆಯ ಮಾರ್ಪಾಡಿನಂತಹ ದೊಡ್ಡ ವೆಚ್ಚಗಳು ಕ್ಯಾಪಿಟಲ್‌ನಲ್ಲಿ ಬರುತ್ತವೆ. ಕೋಆರ್ಡಿನೇಷನ್‌ಗೆ ಮೀಸಲಿಟ್ಟ ಹಣವನ್ನು ಬೇರೆಯದಕ್ಕೆ ತಿರುಗಿಸಲಾಗದು. ಅದರಲ್ಲಿ ಮೂರು ಹಂತಗಳಿದ್ದು, ಹೆಚ್ಚಿನವರಿಗೆ ಸಿಗುವುದು ಎರಡನೆಯದು. ಅದರ ದರದ ಮಿತಿ ಗಂಟೆಗೆ ಸುಮಾರು 100 ಡಾಲರ್. ಮನೆಯಿಲ್ಲದ ಸ್ಥಿತಿ, ನ್ಯಾಯಾಲಯದ ವ್ಯವಹಾರ, ಆಸ್ಪತ್ರೆಯಿಂದ ಬಿಡುಗಡೆಯಾಗಲು ಆಗದಿರುವಂತಹ ಜಟಿಲ ಸಂದರ್ಭಗಳಿಗೆ ಮೂರನೆಯ ಹಂತದ ತಜ್ಞ ಕೋಆರ್ಡಿನೇಟರುಗಳಿದ್ದು, ಅವರ ದರ ಗಂಟೆಗೆ ಸುಮಾರು 190 ಡಾಲರ್. ನಿಮ್ಮ ಪ್ಲ್ಯಾನ್‌ನಲ್ಲಿ ವರ್ಷಕ್ಕೆ 3,000 ಡಾಲರ್ ಇದೆಯೆಂದು ಇಟ್ಟುಕೊಳ್ಳೋಣ. ಆಗ ಸಿಗುವುದು 30 ಗಂಟೆ, ಅಂದರೆ ತಿಂಗಳಿಗೆ ಎರಡೂವರೆ ಗಂಟೆ ಮಾತ್ರ. ಫೋನು, ಇಮೇಲು, ವರದಿ ಬರೆಯುವ ಸಮಯ, ಒಪ್ಪಂದದಲ್ಲಿದ್ದರೆ ಪ್ರಯಾಣದ ಸಮಯ, ಎಲ್ಲವೂ ಆ ಲೆಕ್ಕಕ್ಕೇ ಬರುತ್ತವೆ. ಆದ್ದರಿಂದ ಈಜುಕೊಳಕ್ಕೆ ಕರೆದುಕೊಂಡು ಹೋಗುವುದು ಅವರ ಕೆಲಸವಲ್ಲ. ಅದನ್ನು ಮಾಡುವ ಸರಿಯಾದ ಸಪೋರ್ಟ್ ವರ್ಕರನ್ನು ಹುಡುಕಿಕೊಡುವುದು, ಆ ವರ್ಕರ್ ಬಿಟ್ಟುಹೋದರೆ ಬದಲಿ ವ್ಯವಸ್ಥೆ ಏನೆಂಬುದನ್ನು ಮೊದಲೇ ಯೋಚಿಸಿಡುವುದು ಅವರ ಕೆಲಸ.

ಮೊದಲ ತಿಂಗಳಲ್ಲಿ ಒಳ್ಳೆಯ ಕೋಆರ್ಡಿನೇಟರ್ ನಿಮ್ಮೊಂದಿಗೂ, ಮುಖ್ಯವಾಗಿ ನಿಮ್ಮ ಮಗನೊಂದಿಗೂ ಕುಳಿತು ಪ್ಲ್ಯಾನ್‌ನ ಪ್ರತಿ ಸಾಲನ್ನೂ ಓದಿ ವಿವರಿಸುತ್ತಾರೆ. ಯಾವ ಸೇವೆಗೆ ಎಷ್ಟು ಹಣವಿದೆ, ವಾರಕ್ಕೆ ಎಷ್ಟು ಗಂಟೆ ಬರುತ್ತದೆ ಎಂದು ಲೆಕ್ಕ ಹಾಕಿಕೊಡುತ್ತಾರೆ. ಒಂದೊಂದು ಸೇವೆಗೂ ಸಾಧ್ಯವಾದಷ್ಟು ಎರಡು ಮೂರು ಆಯ್ಕೆಗಳನ್ನು ಮುಂದಿಟ್ಟು, ಯಾರಲ್ಲಿ ವೇಟಿಂಗ್ ಲಿಸ್ಟ್ ಎಷ್ಟು ಉದ್ದವಿದೆ ಎಂಬುದನ್ನೂ ಹೇಳುತ್ತಾರೆ. ಸರ್ವಿಸ್ ಅಗ್ರಿಮೆಂಟ್‌ನಲ್ಲಿ ರದ್ದತಿಯ ಶುಲ್ಕ, ಬಿಡುವ ಮೊದಲು ಕೊಡಬೇಕಾದ ನೋಟಿಸ್ ಅವಧಿ, ಇಂತಹ ಅಂಶಗಳನ್ನು ತೋರಿಸುತ್ತಾರೆ. 19 ವರ್ಷದ ಹುಡುಗನ ವಿಷಯದಲ್ಲಿ ಶಾಲೆ ಬಿಟ್ಟವರ ಉದ್ಯೋಗ ಬೆಂಬಲದ ಸೌಲಭ್ಯವಿದೆಯೇ ಎಂದು ಕೇಳಲೇಬೇಕು. ಶಾಲೆ ಮುಗಿದ ನಂತರ ಎರಡು ವರ್ಷದವರೆಗೆ ದೊರೆಯಬಹುದಾದ ಆ ನೆರವಿನಲ್ಲಿ ಬಸ್ಸಿನಲ್ಲಿ ಒಬ್ಬನೇ ಓಡಾಡುವುದು, ಹಣ ಎಣಿಸುವುದು, ಕೆಲಸದ ಜಾಗದಲ್ಲಿ ನಡೆದುಕೊಳ್ಳುವುದು ಇವೆಲ್ಲವನ್ನೂ ಕಲಿಸುತ್ತಾರೆ.

ಇನ್ನು ನಿಮಗೆ ಫೋನ್ ಮಾಡಿದ ಸಂಸ್ಥೆಯ ವಿಷಯ. ಒಂದೇ ಸಂಸ್ಥೆ ಕೋಆರ್ಡಿನೇಷನ್ ಮತ್ತು ಇತರ ಸೇವೆ ಎರಡನ್ನೂ ಕೊಡುವುದು ಕಾನೂನುಬಾಹಿರವಲ್ಲ. ದೂರದ ಊರುಗಳಲ್ಲಿ ಬೇರೆ ದಾರಿಯೂ ಇರುವುದಿಲ್ಲ. ಆದರೆ ಮೆಲ್ಬರ್ನ್‌ನಂತಹ ನಗರದಲ್ಲಿ ಅದನ್ನು ಒಪ್ಪಿಕೊಳ್ಳಬೇಡಿ ಎಂದೇ ನನ್ನ ಸಲಹೆ. ಸಪೋರ್ಟ್ ವರ್ಕರ್ ತಡವಾಗಿ ಬಂದರೆ, ಡೇ ಪ್ರೋಗ್ರಾಂನಲ್ಲಿ ನಿಮ್ಮ ಮಗನನ್ನು ಇಡೀ ದಿನ ಟಿವಿಯ ಮುಂದೆ ಕೂರಿಸಿದರೆ, ನಿಮ್ಮ ಪರವಾಗಿ ಮೊದಲು ದನಿಯೆತ್ತಬೇಕಾದವರು ಕೋಆರ್ಡಿನೇಟರ್. ತನ್ನದೇ ಸಂಸ್ಥೆಯ ವಿರುದ್ಧ ಮಾತನಾಡಬೇಕಾದ ಇಕ್ಕಟ್ಟಿನಲ್ಲಿ ಎಷ್ಟೇ ಒಳ್ಳೆಯ ಮನುಷ್ಯನಾದರೂ ಹಿಂಜರಿಯುತ್ತಾನೆ. ಸಹಿ ಮಾಡುವ ಮುನ್ನ “ನಿಮ್ಮ ಸಂಸ್ಥೆ ಬೇರೆ ಯಾವ ಸೇವೆ ಕೊಡುತ್ತದೆ, ಹಿತಾಸಕ್ತಿಯ ಸಂಘರ್ಷವನ್ನು ಹೇಗೆ ನಿಭಾಯಿಸುತ್ತೀರಿ, ಲಿಖಿತವಾಗಿ ತಿಳಿಸಿ” ಎಂದು ಕೇಳಿ. ಉತ್ತರ ಬರುವ ರೀತಿಯಲ್ಲೇ ನಿಮಗೆ ಬಹಳಷ್ಟು ತಿಳಿಯುತ್ತದೆ.

ಪಾರಮಟ್ಟಾದ ಓದುಗ (ಸಿಡ್ನಿ)

ನನ್ನ ಅನುಭವ ಅಷ್ಟು ಸಿಹಿಯಾಗಿಲ್ಲ. ನನ್ನ ಹೆಂಡತಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ನಮಗೆ ಸಿಕ್ಕ ಕೋಆರ್ಡಿನೇಟರ್ ತಿಂಗಳುಗಟ್ಟಲೆ ಫೋನ್ ಎತ್ತುತ್ತಿರಲಿಲ್ಲ, ಆದರೆ ಇನ್‌ವಾಯ್ಸ್ ಮಾತ್ರ ತಪ್ಪದೆ ಬರುತ್ತಿತ್ತು. “ಇಮೇಲ್ ಪರಿಶೀಲನೆ”, “ಕಡತದ ಟಿಪ್ಪಣಿ” ಎಂಬ ಸಾಲುಗಳೇ ಅದರ ತುಂಬ ಇರುತ್ತಿದ್ದವು. ಕೊನೆಗೆ ಒಪ್ಪಂದ ಮುಗಿಸಿ, ನಾನೇ ಪ್ಲ್ಯಾನನ್ನು ಸೆಲ್ಫ್ ಮ್ಯಾನೇಜ್ ಮಾಡಲು, ಅಂದರೆ ಹಣದ ವ್ಯವಹಾರವನ್ನು ಸ್ವತಃ ನೋಡಿಕೊಳ್ಳಲು ಆರಂಭಿಸಿದೆ. ಫಿಸಿಯೋ, ಶುಚಿಗೊಳಿಸುವವರು, ಸಪೋರ್ಟ್ ವರ್ಕರ್, ಎಲ್ಲರನ್ನೂ ನಾವೇ ಮಾತನಾಡಿಸಿ ಆರಿಸಿದ್ದೇವೆ. ವಿದ್ಯಾವಂತ ಕುಟುಂಬಗಳಿಗೆ ಈ ಮಧ್ಯವರ್ತಿ ಏಕೆ ಬೇಕು ಎಂಬುದು ನನ್ನ ಪ್ರಾಮಾಣಿಕ ಪ್ರಶ್ನೆ.

ಅಡಿಲೇಡ್‌ನ ಕೋಆರ್ಡಿನೇಟರ್

ಸರ್, ನಿಮಗಾದದ್ದು ಅನ್ಯಾಯ. ಅಂತಹ ಬಿಲ್ಲುಗಳನ್ನು ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದೆ. ಪ್ಲ್ಯಾನ್‌ನ ಬಿಲ್ಲುಗಳನ್ನು ಪಾವತಿಸುವ ಪ್ಲ್ಯಾನ್ ಮ್ಯಾನೇಜರ್ ಇದ್ದರೆ ಅವರಿಂದ ತಿಂಗಳ ಸ್ಟೇಟ್‌ಮೆಂಟ್ ತರಿಸಿಕೊಳ್ಳಬೇಕು, ಯಾವ ದಿನ ಯಾವ ಕೆಲಸಕ್ಕೆ ಎಷ್ಟು ನಿಮಿಷ ಎಂಬ ವಿವರ ಕೇಳಬೇಕು, ಸಮಾಧಾನವಾಗದಿದ್ದರೆ ಎನ್‌ಡಿಐಎಸ್ ಗುಣಮಟ್ಟ ಮತ್ತು ಸುರಕ್ಷತಾ ಆಯೋಗಕ್ಕೆ ದೂರು ಕೊಡಬೇಕು. 2018ರಲ್ಲಿ ಆರಂಭವಾದ ಆ ಆಯೋಗ ನೋಂದಾಯಿತ ಸಂಸ್ಥೆಗಳ ಬಗ್ಗೆ ಮಾತ್ರವಲ್ಲ, ನೋಂದಾಯಿಸಿಕೊಳ್ಳದವರ ಬಗ್ಗೆ ಬಂದ ದೂರುಗಳನ್ನೂ ಸ್ವೀಕರಿಸುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರವೂ ಇದೆ. ಕುಟುಂಬಕ್ಕೆ ಸಾಮರ್ಥ್ಯ ಮತ್ತು ಸಮಯ ಎರಡೂ ಇದ್ದರೆ ಕೋಆರ್ಡಿನೇಟರ್ ಅಗತ್ಯವಿಲ್ಲ. ಈ ಹಣ ಕೆಪಾಸಿಟಿ ಬಿಲ್ಡಿಂಗ್ ವಿಭಾಗದಲ್ಲಿ ಇರುವುದೇ ಆ ಕಾರಣಕ್ಕೆ, ಕಾಲಕ್ರಮೇಣ ನೀವೇ ಮಾಡಿಕೊಳ್ಳುವಂತಾಗಬೇಕು ಎಂಬ ಉದ್ದೇಶದಿಂದ. ಆದರೆ ವಿದ್ಯೆಯೊಂದೇ ಸಾಲದು ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಇಂಗ್ಲಿಷ್ ಚೆನ್ನಾಗಿ ಬಲ್ಲ, ದೊಡ್ಡ ಹುದ್ದೆಯಲ್ಲಿರುವ ತಂದೆಯೊಬ್ಬರು ಮಗಳ ವರ್ತನೆ ಉಲ್ಬಣಗೊಂಡ ವಾರದಲ್ಲಿ ಒಂದು ಫಾರಂ ತುಂಬಲೂ ಆಗದೆ ಕುಳಿತುಬಿಟ್ಟದ್ದನ್ನು ನೋಡಿದ್ದೇನೆ. ಆರೈಕೆ ಮಾಡುವವರೇ ಆಸ್ಪತ್ರೆ ಸೇರಿದಾಗ, ಸಂಸ್ಥೆಯೊಂದು ಇದ್ದಕ್ಕಿದ್ದಂತೆ ಸೇವೆ ನಿಲ್ಲಿಸಿದಾಗ ಕೋಆರ್ಡಿನೇಟರ್ ಬೇಕೇ ಬೇಕಾಗುತ್ತಾರೆ.

ಬ್ರಿಸ್ಬೇನ್‌ನ ಓಟಿ

ನಾನು ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ). ದಿನನಿತ್ಯದ ಕೆಲಸಗಳನ್ನು ಒಬ್ಬರು ಎಷ್ಟು ಮಾಡಬಲ್ಲರು ಎಂದು ನೋಡಿ ನೆರವಾಗುವುದು ನನ್ನ ಕೆಲಸ. ಈ ಚರ್ಚೆಯಲ್ಲಿ ಇನ್ನೂ ಯಾರೂ ಮುಟ್ಟದ ವಿಷಯವೊಂದಿದೆ. ಕೋಆರ್ಡಿನೇಟರ್ ಸೇವೆ ಹುಡುಕಿಕೊಡುವುದಕ್ಕಿಂತಲೂ ಹೆಚ್ಚು ಬೆಲೆಬಾಳುವುದು ಅವರು ಪುರಾವೆಗಳನ್ನು ಜೋಡಿಸಿಕೊಡುವ ಕೆಲಸ. ಎನ್‌ಡಿಐಎಸ್ ಕಾಯ್ದೆ 2013ರದ್ದು. ಅದರ ಪ್ರಕಾರ ಯಾವುದೇ ಬೆಂಬಲ “ಸಮಂಜಸ ಮತ್ತು ಅಗತ್ಯ” ಎಂದು ಸಾಬೀತಾಗಬೇಕು, ಕುಟುಂಬದವರು ಸಹಜವಾಗಿ ಮಾಡಬಹುದಾದ ಸಹಾಯ ಎಷ್ಟೆಂಬುದನ್ನೂ ನಿರ್ಧಾರ ಮಾಡುವವರು ಪರಿಗಣಿಸುತ್ತಾರೆ. ನಿರ್ಧಾರ ಮಾಡುವವರು ನಿಮ್ಮ ಮಗನನ್ನು ನೋಡಿಯೇ ಇರುವುದಿಲ್ಲ, ಅವರ ಮುಂದಿರುವುದು ಕಾಗದ ಮಾತ್ರ.

ನಮ್ಮ ಕುಟುಂಬಗಳಿಗೆ ಮೌಲ್ಯಮಾಪನಕ್ಕೆ ಹೋದಾಗ ನನಗೆ ಎದುರಾಗುವ ಕಷ್ಟ ಇದು. “ಸ್ನಾನ ತಾನೇ ಮಾಡುತ್ತಾನೆಯೇ?” ಎಂದು ಕೇಳಿದರೆ, “ಹೌದು, ಎಲ್ಲಾ ತಾನೇ ಮಾಡಿಕೊಳ್ಳುತ್ತಾನೆ” ಎಂದು ತಾಯಿ ಹೆಮ್ಮೆಯಿಂದ ಹೇಳುತ್ತಾರೆ. ಸ್ವಲ್ಪ ಬಿಡಿಸಿ ಕೇಳಿದರೆ ಬೇರೆಯೇ ಚಿತ್ರ ಬರುತ್ತದೆ. ನೀರಿನ ಬಿಸಿ ಹದ ಮಾಡುವವರು ತಾಯಿ. ಬಚ್ಚಲ ಬಾಗಿಲ ಹೊರಗೆ ನಿಂತು “ಈಗ ಸೋಪು ಹಚ್ಚು, ಕಂಕುಳು ತೊಳೆದೆಯಾ, ಬೆನ್ನಿಗೆ ನೀರು ಹಾಕಿಕೋ” ಎಂದು ಒಂದೊಂದೇ ಹಂತ ಹೇಳುವವರು ತಾಯಿ. ಟವೆಲ್ ಕೊಡುವವರು, ಬಟ್ಟೆಯ ಹಿಂದು ಮುಂದು ಸರಿಪಡಿಸುವವರೂ ಅವರೇ. ಇದಕ್ಕೆ ಪ್ರತಿದಿನ ಮುಕ್ಕಾಲು ಗಂಟೆ ಹಿಡಿಯುತ್ತದೆ. ವರದಿಯಲ್ಲಿ “ಸ್ವತಂತ್ರವಾಗಿ ಸ್ನಾನ ಮಾಡುತ್ತಾನೆ” ಎಂದು ಬರೆದರೆ ಆ ಮುಕ್ಕಾಲು ಗಂಟೆಯ ದುಡಿಮೆ ಎಲ್ಲಿಯೂ ಕಾಣದಂತೆ ಅಳಿಸಿಹೋಗುತ್ತದೆ. ಮಗನನ್ನು ಕೀಳಾಗಿ ಕಾಣಿಸಬೇಕೆಂದು ನಾನು ಹೇಳುತ್ತಿಲ್ಲ. ನೀವು ಮೌನವಾಗಿ ಮಾಡುತ್ತಿರುವುದನ್ನು ಹೆಸರಿಟ್ಟು ಹೇಳಬೇಕು ಎನ್ನುತ್ತಿದ್ದೇನೆ. ಒಳ್ಳೆಯ ಕೋಆರ್ಡಿನೇಟರ್ ಮೌಲ್ಯಮಾಪನಕ್ಕೆ ಮೊದಲೇ ಒಂದು ವಾರದ ದಿನಚರಿ ಬರೆದಿಡಿ ಎನ್ನುತ್ತಾರೆ, ಆರೈಕೆ ಮಾಡುವವರ ಹೇಳಿಕೆಯನ್ನು ಬರೆಯಲು ಜೊತೆಗೆ ಕೂರುತ್ತಾರೆ.

ಟಾರ್ನೀಟ್‌ನ ಅಮ್ಮ

ಬಚ್ಚಲ ಬಾಗಿಲ ಮಾತು ಓದಿ ಕಣ್ಣು ತುಂಬಿತು. ಅಕ್ಷರಶಃ ನಮ್ಮ ಮನೆಯದೇ ಕಥೆ. ಇನ್ನೊಂದು ಪ್ರಶ್ನೆ. ಎನ್‌ಡಿಐಎಸ್ ನಡೆಸುವ ಸರ್ಕಾರಿ ಸಂಸ್ಥೆಯಾದ ಎನ್‌ಡಿಐಎಗೆ ನಾನು ಫೋನ್ ಮಾಡಿದರೆ, ಮಗನಿಗೆ 18 ದಾಟಿದೆ, ಅವನ ಒಪ್ಪಿಗೆಯಿಲ್ಲದೆ ನಿಮ್ಮೊಂದಿಗೆ ಮಾತನಾಡಲಾಗದು ಎನ್ನುತ್ತಾರೆ. ಹುಟ್ಟಿದಾಗಿನಿಂದ ನೋಡಿಕೊಂಡ ತಾಯಿಗೆ ಹೀಗೆಂದರೆ ಏನು ಮಾಡಬೇಕು?

ಬ್ರಿಸ್ಬೇನ್‌ನ ಓಟಿ

ಅಕ್ಕಾ, ಇದು ಬಹಳ ಮನೆಗಳಲ್ಲಿ ಆಗುತ್ತದೆ. 18 ವರ್ಷದವರೆಗೆ ತಂದೆತಾಯಿ ಮಗುವಿನ ಪ್ರತಿನಿಧಿಯಾಗಿರುತ್ತಾರೆ, ಆ ದಿನ ದಾಟಿದರೆ ಕಾನೂನಿನ ಕಣ್ಣಿನಲ್ಲಿ ಅವನು ತನ್ನ ನಿರ್ಧಾರ ತಾನೇ ಮಾಡಬಲ್ಲ ವಯಸ್ಕ. ಅವನಿಗೆ ನೆರವು ಬೇಕಿದ್ದರೆ ನಿಮ್ಮನ್ನು ನಾಮಿನಿಯಾಗಿ, ಅಂದರೆ ಅವನ ಪರವಾಗಿ ವ್ಯವಹರಿಸುವ ಅಧಿಕೃತ ಪ್ರತಿನಿಧಿಯಾಗಿ ನೇಮಿಸುವಂತೆ ಕೇಳಬೇಕು. ಪತ್ರವ್ಯವಹಾರಕ್ಕೆ ಮಾತ್ರ ಸಂಬಂಧಿಸಿದ ನಾಮಿನಿ ಬೇರೆ, ಪ್ಲ್ಯಾನ್‌ಗೆ ಸಂಬಂಧಿಸಿದ ನಾಮಿನಿ ಬೇರೆ. ನಾಮಿನಿಯಾದರೂ ಅವನ ಇಚ್ಛೆಯನ್ನು ತಿಳಿದುಕೊಂಡು ಅದರಂತೆ ನಡೆಯುವ ಕರ್ತವ್ಯ ನಿಮ್ಮ ಮೇಲಿರುತ್ತದೆ. ಫಾರಂ ತುಂಬಲು ಕೋಆರ್ಡಿನೇಟರ್ ನೆರವಾಗಬಹುದು. ಅವರ ಮೊದಲ ಗಂಟೆಗಳನ್ನು ಇದಕ್ಕೇ ಬಳಸಿ, ಏಕೆಂದರೆ ಇದಾಗದೆ ಮುಂದಿನ ಕೆಲಸಗಳೆಲ್ಲ ಅಲ್ಲಲ್ಲೇ ನಿಲ್ಲುತ್ತವೆ.

ಹಾಸನದಿಂದ ಒಬ್ಬ ಅಣ್ಣ

ನನ್ನ ತಂಗಿಯ ಕುಟುಂಬ ಪರ್ತ್‌ನಲ್ಲಿದೆ, ಅವಳ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇರುವುದರಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ. ನಮ್ಮಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಎಂದು ಕರೆಯುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವುದು, ಮಾಸಾಶನ ನಿಂತಾಗ ಕಚೇರಿಗೆ ಅಲೆಯುವುದು, ಸಾಧನ ಸಲಕರಣೆಯ ಶಿಬಿರಕ್ಕೆ ಕರೆದೊಯ್ಯುವುದು ಅವರೇ. ಅವರೂ ಅಂಗವಿಕಲರಾಗಿದ್ದು, ಅಲ್ಪ ಗೌರವಧನಕ್ಕೆ ದುಡಿಯುವುದನ್ನು ಕಂಡಿದ್ದೇನೆ. ನೀವು ಹೇಳುವ ಕೋಆರ್ಡಿನೇಟರಿಗೂ ಇವರಿಗೂ ಇರುವ ವ್ಯತ್ಯಾಸ ಏನು?

ಅಡಿಲೇಡ್‌ನ ಕೋಆರ್ಡಿನೇಟರ್

ಅಣ್ಣಾ, ಕೆಲಸದ ಜೀವಾಳ ಒಂದೇ. ದಾರಿ ಗೊತ್ತಿಲ್ಲದವರ ಜೊತೆ ದಾರಿ ಗೊತ್ತಿರುವವರು ನಡೆಯುವುದು. ವ್ಯತ್ಯಾಸವಿರುವುದು ಹಣ ಎಲ್ಲಿದೆ ಎಂಬುದರಲ್ಲಿ. ನಿಮ್ಮಲ್ಲಿ ಯೋಜನೆಗಳು ಇಲಾಖೆಯ ಕೈಯಲ್ಲಿದ್ದು, ಅರ್ಹರನ್ನು ಅಲ್ಲಿಗೆ ತಲುಪಿಸಬೇಕು. ಇಲ್ಲಿ 2013ಕ್ಕೆ ಮೊದಲು ಹೆಚ್ಚುಕಡಿಮೆ ಹಾಗೆಯೇ ಇತ್ತು. ಸರ್ಕಾರ ಸಂಸ್ಥೆಗಳಿಗೆ ಅನುದಾನ ಕೊಡುತ್ತಿತ್ತು, ಜಾಗ ಖಾಲಿಯಿದ್ದರೆ ಸೇವೆ ಸಿಗುತ್ತಿತ್ತು. 2011ರಲ್ಲಿ ಸರ್ಕಾರದ ಸಲಹಾ ಸಂಸ್ಥೆಯಾದ ಪ್ರೊಡಕ್ಟಿವಿಟಿ ಕಮಿಷನ್ ಆ ವ್ಯವಸ್ಥೆಯ ಕೊರತೆಗಳನ್ನು ಎತ್ತಿ ತೋರಿಸಿದ ಮೇಲೆ, ಹಣವನ್ನು ವ್ಯಕ್ತಿಯ ಹೆಸರಿಗೇ ನಿಗದಿ ಮಾಡುವ ಎನ್‌ಡಿಐಎಸ್ ಬಂತು. 2013ರ ಜುಲೈನಲ್ಲಿ ಕೆಲವೇ ಪ್ರದೇಶಗಳಲ್ಲಿ ಪ್ರಯೋಗವಾಗಿ ಆರಂಭವಾದದ್ದು ಈಗ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡಿದೆ. ಹಣ ವ್ಯಕ್ತಿಯ ಹೆಸರಿಗೆ ಬಂದ ಕೂಡಲೇ ಆಯ್ಕೆಯ ಹಕ್ಕು ಬಂತು, ಅದರ ಬೆನ್ನಿಗೇ ದೊಡ್ಡದೊಂದು ಮಾರುಕಟ್ಟೆಯೂ ಬಂತು. ಆ ಮಾರುಕಟ್ಟೆಯಲ್ಲಿ ಕೊಳ್ಳುವವರ ಪರವಾಗಿ ನಿಲ್ಲುವವರು ಯಾರಾದರೂ ಬೇಕಲ್ಲವೇ? ಕೋಆರ್ಡಿನೇಟರ್ ಸ್ವತಂತ್ರರಾಗಿರಬೇಕು ಎಂದು ನಾನು ಮೇಲೆ ಹಟ ಹಿಡಿದು ಬರೆದದ್ದು ಇದೇ ಕಾರಣಕ್ಕೆ.

ನಿಮ್ಮ ತಂಗಿಯ ಮಗಳು ಚಿಕ್ಕವಳಾಗಿದ್ದರೆ ಕೋಆರ್ಡಿನೇಟರ್ ಸಿಗದೆಯೂ ಇರಬಹುದು. 9 ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಚೈಲ್ಡ್‌ಹುಡ್ ಪಾರ್ಟ್ನರ್ ಸಂಸ್ಥೆಗಳು, ಅದಕ್ಕಿಂತ ದೊಡ್ಡವರಿಗೆ ಲೋಕಲ್ ಏರಿಯಾ ಕೋಆರ್ಡಿನೇಟರ್ ಎಂಬ ವ್ಯವಸ್ಥೆ ಇದ್ದು, ಅವರ ಶುಲ್ಕ ಪ್ಲ್ಯಾನ್‌ನಿಂದ ಹೋಗುವುದಿಲ್ಲ. ಆದರೆ ಒಬ್ಬೊಬ್ಬರ ಕೈಯಲ್ಲೂ ಬಹಳ ಕುಟುಂಬಗಳಿರುವುದರಿಂದ ಅವರಿಂದ ಅಷ್ಟು ಸಮಯ ಸಿಗುವುದು ಕಷ್ಟ.

ಕ್ಯಾನ್‌ಬೆರಾದ ಗೃಹಿಣಿ

ನಮ್ಮದು ಎರಡು ಪ್ರಶ್ನೆ. ನನ್ನ ತಮ್ಮ ಕೆಲಸದ ತಾತ್ಕಾಲಿಕ ವೀಸಾದಲ್ಲಿದ್ದಾನೆ, ಅವನ ಮಗನಿಗೂ ಎನ್‌ಡಿಐಎಸ್ ಸಿಗುತ್ತದೆಯೇ? ಎರಡನೆಯದು, ನನ್ನ ಮಗಳ ಪ್ಲ್ಯಾನ್‌ನಲ್ಲಿ ಈ ಬಾರಿ ಥೆರಪಿಯ ಹಣ ತೀರಾ ಕಡಿಮೆಯಾಗಿದೆ. ಕೋಆರ್ಡಿನೇಟರ್ ಮೇಲ್ಮನವಿ ಹಾಕಿಕೊಡುತ್ತಾರೆಯೇ?

ಅಡಿಲೇಡ್‌ನ ಕೋಆರ್ಡಿನೇಟರ್

ತಾತ್ಕಾಲಿಕ ವೀಸಾದಲ್ಲಿರುವವರಿಗೆ ಸಿಗುವುದಿಲ್ಲ. ಪೌರತ್ವ, ಪಿಆರ್ (ಕಾಯಂ ವಾಸದ ವೀಸಾ) ಅಥವಾ ನ್ಯೂಜಿಲೆಂಡ್‌ನ ಕೆಲವರಿಗೆ ಇರುವ ಸಂರಕ್ಷಿತ ವಿಶೇಷ ವರ್ಗದ ವೀಸಾ ಬೇಕು. ಸಮಾಧಾನದ ಸಂಗತಿಯೆಂದರೆ, ಅಂಗವಿಕಲರ ಪಿಂಚಣಿಗೆ ಸಾಮಾನ್ಯವಾಗಿ ಇರುವ 10 ವರ್ಷದ ವಾಸದ ಷರತ್ತು ಎನ್‌ಡಿಐಎಸ್‌ಗೆ ಇಲ್ಲ. ಇವೆರಡನ್ನೂ ಒಂದೇ ಎಂದುಕೊಂಡು ಪಿಆರ್ ಬಂದ ಮೇಲೂ ಅರ್ಜಿ ಹಾಕದೆ ಕಾಯುತ್ತಾ ಕುಳಿತ ಕನ್ನಡದ ಕುಟುಂಬಗಳನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ನಿಮ್ಮ ತಮ್ಮನಿಗೆ ಈಗಿನಿಂದಲೇ ಮಗುವಿನ ವೈದ್ಯಕೀಯ ವರದಿಗಳನ್ನೆಲ್ಲ ಒಂದೆಡೆ ಜೋಡಿಸಿಡಲು ಹೇಳಿ.

ಮೇಲ್ಮನವಿಯ ವಿಷಯದಲ್ಲಿ ದಿನಾಂಕಗಳು ಮುಖ್ಯ. ನಿರ್ಧಾರದ ಪತ್ರ ಕೈಸೇರಿದ ಮೇಲೆ 3 ತಿಂಗಳೊಳಗೆ ಆಂತರಿಕ ಮರುಪರಿಶೀಲನೆ ಕೇಳಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ಸಾಮಾನ್ಯವಾಗಿ 28 ದಿನದೊಳಗೆ ಆಡಳಿತಾತ್ಮಕ ಮರುಪರಿಶೀಲನಾ ನ್ಯಾಯಮಂಡಳಿಗೆ ಹೋಗಬೇಕು. 2024ರ ಅಕ್ಟೋಬರ್‌ನಲ್ಲಿ ಹಳೆಯ ಆಡಳಿತಾತ್ಮಕ ಮೇಲ್ಮನವಿ ನ್ಯಾಯಮಂಡಳಿಯ (ಎಎಟಿ) ಜಾಗಕ್ಕೆ ಬಂದದ್ದು ಇದೇ ಸಂಸ್ಥೆ. ಎನ್‌ಡಿಐಎಸ್ ಪ್ರಕರಣಗಳಿಗೆ ಅಲ್ಲಿ ಅರ್ಜಿ ಶುಲ್ಕವಿಲ್ಲ. ಕೋಆರ್ಡಿನೇಟರ್ ಪ್ರಕ್ರಿಯೆಯನ್ನು ವಿವರಿಸಬಹುದು, ವರದಿಗಳನ್ನು ಒಟ್ಟು ಮಾಡಿಕೊಡಬಹುದು, ಆದರೆ ನ್ಯಾಯಮಂಡಳಿಯಲ್ಲಿ ನಿಮ್ಮ ಪರ ವಾದಿಸುವುದು ಅವರ ಪಾತ್ರವಲ್ಲ. ಅದಕ್ಕೆ ಸರ್ಕಾರದ ಅನುದಾನ ಪಡೆಯುವ ಅಡ್ವೊಕಸಿ ಸಂಸ್ಥೆಗಳಿದ್ದು, ಅವು ಉಚಿತವಾಗಿ ನೆರವಾಗುತ್ತವೆ. ಅಲ್ಲಿಯೂ ಕಾಯುವವರ ಸಾಲು ಉದ್ದವಿರುವುದರಿಂದ ಮೊದಲ ವಾರದಲ್ಲೇ ಹೆಸರು ಕೊಟ್ಟುಬಿಡಿ.

ಪಾರಮಟ್ಟಾದ ಓದುಗ

2023ರ ಡಿಸೆಂಬರ್‌ನಲ್ಲಿ ಪ್ರಕಟವಾದ ಎನ್‌ಡಿಐಎಸ್ ಪುನರವಲೋಕನ ವರದಿಯಲ್ಲಿ ಕೋಆರ್ಡಿನೇಟರುಗಳ ಬದಲು “ನ್ಯಾವಿಗೇಟರ್” ಎಂಬ ಹೊಸ ಪಾತ್ರವನ್ನು ಶಿಫಾರಸು ಮಾಡಿದ್ದರು. ಸೇವೆ ಒದಗಿಸುವವರಿಂದ ಅವರು ಸಂಪೂರ್ಣ ಬೇರೆಯಾಗಿರಬೇಕು ಎಂಬ ಆಶಯ ನನಗೆ ಸರಿ ಎನಿಸುತ್ತದೆ.

ಅಡಿಲೇಡ್‌ನ ಕೋಆರ್ಡಿನೇಟರ್

ಆ ಆಶಯಕ್ಕೆ ನನ್ನ ಸಹಮತವಿದೆ. ಆದರೆ ವರ್ಷಗಳಿಂದ ಒಂದು ಮನೆಯ ಒಳಹೊರಗನ್ನು ಬಲ್ಲ ಕೋಆರ್ಡಿನೇಟರನ್ನು ಒಮ್ಮೆಲೇ ಬದಲಿಸಿದರೆ ಆ ತಿಳಿವಳಿಕೆ ಕಾಗದದಲ್ಲಿ ವರ್ಗಾವಣೆಯಾಗುವುದಿಲ್ಲ. ಹೆಸರು ಏನೇ ಇರಲಿ, ಕುಟುಂಬವೊಂದಕ್ಕೆ ಸಾಕಷ್ಟು ಗಂಟೆ ಸಿಗುತ್ತದೆಯೇ ಎಂಬುದನ್ನೇ ನಾವು ಸರ್ಕಾರವನ್ನು ಕೇಳುತ್ತಿರಬೇಕು.

ಟಾರ್ನೀಟ್‌ನ ಅಮ್ಮ

ನನಗೆ ಫೋನ್ ಮಾಡಿದ್ದ ಸಂಸ್ಥೆಗೆ ಹಿತಾಸಕ್ತಿಯ ಸಂಘರ್ಷದ ಆ ಪ್ರಶ್ನೆಯನ್ನು ಲಿಖಿತವಾಗಿ ಕಳುಹಿಸಿದೆ, ಉತ್ತರ ಬರಲಿಲ್ಲ. ಬೇರೆ ಇಬ್ಬರನ್ನು ಮಾತನಾಡಿಸಿ, ಕೋಆರ್ಡಿನೇಷನ್ ಮಾತ್ರ ಮಾಡುವ ಒಬ್ಬರನ್ನು ಆರಿಸಿಕೊಂಡಿದ್ದೇವೆ. ಅವರು ನನಗಿಂತ ಮೊದಲು ಮಗನನ್ನು ಮಾತನಾಡಿಸಿದರು, ಚಿತ್ರದ ಕಾರ್ಡುಗಳನ್ನು ತಂದಿದ್ದರು. ಅವನು ಈಜುಕೊಳದ ಕಾರ್ಡನ್ನೂ ಗಿಡಗಳ ಕಾರ್ಡನ್ನೂ ಆರಿಸಿ ಪಕ್ಕಕ್ಕಿಟ್ಟ, ಡೇ ಪ್ರೋಗ್ರಾಂನ ಕಾರ್ಡನ್ನು ತಿರುಗಿಸಿ ಇಟ್ಟ. ಈಗ ನರ್ಸರಿಯೊಂದರಲ್ಲಿ ವಾರಕ್ಕೆರಡು ದಿನದ ತರಬೇತಿಗೆ ವಿಚಾರಿಸುತ್ತಿದ್ದಾರೆ.

ಉಳಿದಿರುವ ಸಂದೇಹಗಳು ಮೂರು. ಪ್ಲ್ಯಾನ್‌ನಲ್ಲಿ ಹಣವನ್ನು ಮೂರು ಮೂರು ತಿಂಗಳಿಗೆ ಬಿಡಿಬಿಡಿಯಾಗಿ ತೋರಿಸಿದ್ದಾರೆ, ಏಕೆ? ಮಧ್ಯಾಹ್ನ ಮಗನ ಜೊತೆ ಇರುವವರು ಕನ್ನಡ ಮಾತ್ರ ಬಲ್ಲ ನಮ್ಮ ಅತ್ತೆ. ಅವರ ಮಾತು ವರದಿಗೆ ಸೇರುವುದು ಹೇಗೆ, ಅವರಿಗೇ ಸಂಬಳ ಕೊಡಲಾಗುತ್ತದೆಯೇ? ಮುಂದಿನ ಪ್ಲ್ಯಾನ್‌ಗೆ ಯಾವಾಗ ತಯಾರಿ ಆರಂಭಿಸಬೇಕು?

ಅಡಿಲೇಡ್‌ನ ಕೋಆರ್ಡಿನೇಟರ್

ಒಳ್ಳೆಯ ಆಯ್ಕೆ ಮಾಡಿದ್ದೀರಿ ಮೇಡಂ. 2024ರ ತಿದ್ದುಪಡಿ ಕಾಯ್ದೆಯ ನಂತರ, 2025ರ ಮೇ ತಿಂಗಳಿನಿಂದ ಹೊಸ ಪ್ಲ್ಯಾನ್‌ಗಳಲ್ಲಿ ಹಣವನ್ನು ಅವಧಿಗಳಾಗಿ ವಿಂಗಡಿಸಿ ಬಿಡುಗಡೆ ಮಾಡುತ್ತಿದ್ದಾರೆ. ಒಂದು ಅವಧಿಯಲ್ಲಿ ಉಳಿದದ್ದು ಅದೇ ಪ್ಲ್ಯಾನ್‌ನ ಮುಂದಿನ ಅವಧಿಗೆ ಸೇರುತ್ತದೆ, ಆದರೆ ಪ್ಲ್ಯಾನ್ ಮುಗಿದ ಮೇಲೆ ಹೊಸ ಪ್ಲ್ಯಾನ್‌ಗೆ ಬರುವುದಿಲ್ಲ. ಮುಂದಿನ ಅವಧಿಯ ಹಣವನ್ನು ಮುಂಚಿತವಾಗಿ ಖರ್ಚು ಮಾಡಲೂ ಆಗದು. ಆದ್ದರಿಂದ ಯಾವ ತಿಂಗಳಲ್ಲಿ ಖರ್ಚು ಹೆಚ್ಚಾಗುತ್ತದೆ ಎಂಬುದನ್ನು ಕೋಆರ್ಡಿನೇಟರ್ ಜೊತೆ ಈಗಲೇ ಕುಳಿತು ಲೆಕ್ಕ ಹಾಕಿ. ಓಟಿ ವರದಿಯಂತಹ ದೊಡ್ಡ ಬಿಲ್ಲು ಯಾವ ಅವಧಿಯಲ್ಲಿ ಬೀಳುತ್ತದೆ ಎಂಬುದನ್ನು ಗುರುತಿಸಿಡಿ.

ಕುಟುಂಬದವರಿಗೆ ಸಂಬಳ ಕೊಡಲು ಬಹಳ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಒಪ್ಪುತ್ತಾರೆ, ಅದನ್ನು ನಂಬಿ ಲೆಕ್ಕ ಹಾಕಬೇಡಿ. ಆದರೆ ನಿಮ್ಮ ಅತ್ತೆಯವರ ಮಾತು ದಾಖಲಾಗಲೇಬೇಕು, ಏಕೆಂದರೆ ಮಧ್ಯಾಹ್ನದ ಹೊತ್ತಿನಲ್ಲಿ ಏನಾಗುತ್ತದೆ ಎಂಬುದು ಅವರೊಬ್ಬರಿಗೇ ಗೊತ್ತು. ಟಿಐಎಸ್ ನ್ಯಾಷನಲ್ ಎಂಬ ಸರ್ಕಾರಿ ದುಭಾಷಿ ಸೇವೆಯ ಸಂಖ್ಯೆ 131 450. ಸಭೆಯ ದಿನ ಗೊತ್ತಾದ ಕೂಡಲೇ ಕನ್ನಡ ದುಭಾಷಿ ಬೇಕೆಂದು ಕೋಆರ್ಡಿನೇಟರಿಗೆ ಹೇಳಿ ಮುಂಚಿತವಾಗಿ ಕಾಯ್ದಿರಿಸಿ. ನೀವೇ ಅನುವಾದಿಸಲು ಹೋದರೆ ಅವರ ಕಷ್ಟವನ್ನು ನೀವು ಅರಿವಿಲ್ಲದೆಯೇ ಚಿಕ್ಕದು ಮಾಡಿ ಹೇಳುವ ಸಾಧ್ಯತೆ ಇದೆ.

ತಯಾರಿಯನ್ನು ಪ್ಲ್ಯಾನ್ ಮುಗಿಯುವುದಕ್ಕೆ ನಾಲ್ಕು ತಿಂಗಳು ಮೊದಲು ಆರಂಭಿಸಿ. ಓಟಿಯ ದಿನ ಸಿಗಲು ತಡವಾಗುತ್ತದೆ, ವರದಿ ಬರೆಯಲು ಅವರಿಗೆ ವಾರಗಳು ಬೇಕು, ನಂತರ ಕೋಆರ್ಡಿನೇಟರ್ ತಮ್ಮ ವರದಿಯನ್ನು ಎನ್‌ಡಿಐಎಗೆ ಕಳುಹಿಸಬೇಕು. ಆ ವರದಿಯ ಕರಡನ್ನು ಕಳುಹಿಸುವ ಮುನ್ನ ನಿಮಗೂ ಮಗನಿಗೂ ತೋರಿಸಬೇಕೆಂದು ಈಗಲೇ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿಕೊಳ್ಳಿ. ವರದಿಗೆಂದು ಐದಾರು ಗಂಟೆಗಳನ್ನು ಕೊನೆಯವರೆಗೂ ಮುಟ್ಟದೆ ಉಳಿಸಿಡಲು ಅವರಿಗೆ ತಿಳಿಸಿ.